ಗಾಳಿ ಯಂತ್ರಕ್ಕೆ ಆಯುಧಪೂಜೆ

ನಮ್ಮೂರಿನ ಗಾಳಿ ಅಳೆಯಲು ಬಂದ ಡಾಕ್ಟರ್ ವೆಂಕಟರವಣಪ್ಪನವರು ಜೀಪಿನಿಂದ ಇಳಿದು ಮಾಡಿದ ಮೊದಲ ಕೆಲಸವೆಂದರೆ ಸಿಗರೇಟು ಹಚ್ಚಿದ್ದು. ನಾನು ಅದನ್ನು ಕಣ್ಣಾರೆ ನೋಡಿದೆ. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಆದರೆ ನಾನೇ ಕೂತು ಬರೆದ ಅರ್ಜಿಗೆ ಬೆಂಗಳೂರಿನಿಂದ ಒಬ್ಬ ವಿಜ್ಞಾನಿಯನ್ನೇ ಕಳಿಸಿದ್ದಾರಲ್ಲ ಎಂಬ ಹಿಗ್ಗಿನಲ್ಲಿದ್ದೆ. ಅವರ ಸಿಗರೇಟಿನ ಹೊಗೆ ಕೂಡ ಆ ದಿನ ನನಗೆ ಊದುಬತ್ತಿಯಂತೆ ಕಂಡಿತು.

ನಾನು ಅನಸೂಯಮ್ಮ. ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆ ಕೈಗಾರಿಕಾ ಪ್ರದೇಶದ ಬೇಲಿಗೆ ಅಂಟಿಕೊಂಡ ಒಂದು ಊರಿನಲ್ಲಿ ಆಗ ಪ್ರೈಮರಿ ಶಾಲೆಯ ಟೀಚರಾಗಿದ್ದೆ. ತೊಂಬತ್ತರ ದಶಕದ ಮೊದಲ ವರ್ಷಗಳು. ಕೊಂಡಮ್ಮನವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಕೊಂಡಮ್ಮನವರು ಗಂಡ ಸತ್ತ ಮೇಲೆ ಒಬ್ಬರೇ ನಿಂತು ರೇಷ್ಮೆ ಹುಳ ಸಾಕಿ ಮನೆ ನಡೆಸಿದವರು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಅವರ ರೇಷ್ಮೆಗೂಡಿನ ರಾಶಿಗೆ ಕೈ ಹಾಕಿದವನು ಇನ್ನೊಬ್ಬರ ಗೂಡು ನೋಡುತ್ತಿರಲಿಲ್ಲ. ಅದು ಅವರಿಗಿದ್ದ ಒಂದೇ ಜಂಬ, ಮತ್ತು ಅದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ.

ಅವರ ಹಿಪ್ಪುನೇರಳೆ ತೋಟದ ಆಚೆಗೇ ಟೈಲ್ಸ್ ಕಾರ್ಖಾನೆ ಬಂತು. ಜೇಡಿಮಣ್ಣು ಸುಡುವ ದೊಡ್ಡ ಗೂಡು, ಅದಕ್ಕೊಂದು ಚಿಮಣಿ. ಬೆಂಕಿ ಹಚ್ಚಿದ ವರ್ಷದಿಂದಲೇ ಹುಳ ಸಾಯಲು ಶುರುವಾಯಿತು. ಜ್ವರಕ್ಕೆ ಕೂತ ಹುಳ, ಅಂದರೆ ಪೊರೆ ಬಿಡಲು ತಲೆ ಎತ್ತಿ ಸುಮ್ಮನೆ ಕೂತ ಹುಳ, ಎದ್ದು ಸೊಪ್ಪು ತಿನ್ನಬೇಕಾದ ಹೊತ್ತಿಗೆ ಏಳುತ್ತಲೇ ಇರಲಿಲ್ಲ. ಮೈಯ ಗಂಟುಗಂಟಿಗೂ ಕಪ್ಪು ಕಲೆ. ಒಂದು ಬೆಳೆ ಹೋಯಿತು, ಇನ್ನೊಂದು ಹೋಯಿತು, ಮತ್ತೊಂದೂ ಹೋಯಿತು. ಊರಿನಲ್ಲಿ ಉಳಿದವರು ಹುಳ ಬಿಟ್ಟು ಅದೇ ಕಾರ್ಖಾನೆಯಲ್ಲಿ ಟೈಲ್ಸ್ ಆರಿಸುವ ಕೂಲಿಗೆ ಹೋದರು. ಕೊಂಡಮ್ಮನವರು ಮಾತ್ರ ಹೋಗಲಿಲ್ಲ. ಚಿಮಣಿಗೆ ಹೊಗೆ ತೊಳೆಯುವ ಯಂತ್ರ ಕೂಡಿಸಿದರೆ ತೋಟ ಉಳಿಯುತ್ತದೆ, ಇಲ್ಲದಿದ್ದರೆ ಗಿಡ ಕಿತ್ತು ತಾನೂ ಅಲ್ಲಿಗೇ ಕೂಲಿಗೆ ಹೋಗಬೇಕು. ಆ ಯಂತ್ರ ಕೂಡಿಸಬೇಕೋ ಬೇಡವೋ ಎಂಬುದು ಡಾಕ್ಟರ್ ಸಾಹೇಬರ ವರದಿಯ ಮೇಲೆ ನಿಂತಿತ್ತು.

ಸಾಹೇಬರು ಮೊದಲ ದಿನ ಬಹಳ ಚೆನ್ನಾಗಿ ಮಾತಾಡಿದರು. ತಾವೇನೂ ಹೊರಗಿನವರಲ್ಲ, ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯವರು, ತಮ್ಮ ತಾಯಿ ಇವತ್ತಿಗೂ ಹುಳ ಸಾಕುತ್ತಾರೆ, ತಾವು ಓದಿದ್ದೇ ರೇಷ್ಮೆಗೂಡು ಮಾರಿದ ದುಡ್ಡಿನಲ್ಲಿ ಎಂದರು. ಕೊಂಡಮ್ಮನವರ ಕಣ್ಣು ತುಂಬಿತು. ಮುದ್ದೆ, ಹುರುಳಿಕಾಳಿನ ಬಸ್ಸಾರು ಬಡಿಸಿದರು. ಸಾಹೇಬರು ಎರಡು ಸಲ ಹಾಕಿಸಿಕೊಂಡರು. ಉಂಡು ಎದ್ದು ಹುಳ ನೋಡುತ್ತೇನೆ ಎಂದು ಒಳಗೆ ಹೊರಟಾಗ ಮಾತ್ರ ಕೊಂಡಮ್ಮನವರು ಬಾಗಿಲಿಗೆ ಅಡ್ಡ ನಿಂತರು.

"ಬೇಜಾರು ಮಾಡ್ಕೋಬೇಡಪ್ಪ. ಸಿಗರೇಟು ಸೇದಿದ್ದೀಯ. ಹುಳಕ್ಕೆ ಆಗಲ್ಲ."

ಹುಳದ ಮನೆಯ ಕಟ್ಟುಪಾಡು ಗೊತ್ತಿರುವವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಹೊಗೆ ಆಗದು, ಸೆಂಟು ಆಗದು, ಪೌಡರು ಆಗದು. ಕೈಕಾಲು ತೊಳೆಯದೆ ಯಾರೂ ಹೊಸಿಲು ದಾಟುವಂತಿಲ್ಲ. ಹುಳ ಇರುವಷ್ಟು ದಿನ ನಾನು ಒಗ್ಗರಣೆ ಹಾಕಬೇಕಾದರೂ ಹಿತ್ತಲಿಗೆ ಹೋಗುತ್ತಿದ್ದೆ. ತಾಯಿಯ ಮನೆಯಲ್ಲಿ ಇದನ್ನೆಲ್ಲ ನೋಡಿಕೊಂಡೇ ಬೆಳೆದ ಸಾಹೇಬರು ಮುಖ ಹುಳ್ಳಗೆ ಮಾಡಿಕೊಂಡು, ಇದೆಲ್ಲ ಮೂಢನಂಬಿಕೆ ಎಂದು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು.

ಹುಳ ನೋಡಲು ಬಿಡದಿದ್ದರೇನು, ತೋಟ ನೋಡಿದರು. ಒಂದು ಸೊಪ್ಪು ಕಿತ್ತು, ಅದರ ಅಂಚು ಕಂದಿದ್ದನ್ನು ಬೆರಳಲ್ಲಿ ತೋರಿಸಿ ನನಗೆ ಪಾಠ ಮಾಡಿದರು. ಜೇಡಿಮಣ್ಣು ಸುಟ್ಟಾಗ ಅದರೊಳಗಿನ ಫ್ಲೋರಿನ್ ಗಾಳಿಗೆ ಬರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಮನುಷ್ಯನ ಮೂಗಿಗೂ ತಿಳಿಯುವುದಿಲ್ಲ, ಸೊಪ್ಪಿನಲ್ಲಿ ಕೂರುತ್ತದೆ, ಅದನ್ನು ತಿಂದ ಹುಳ ಉಳಿಯುವುದಿಲ್ಲ. ಅವರು ತಂದಿದ್ದ ಗಾಳಿ ಅಳೆಯುವ ಯಂತ್ರಕ್ಕೆ ಸಿಕ್ಕುವುದು ಬರೀ ಧೂಳು. ಫ್ಲೋರಿನ್ ಹಿಡಿಯಲು ಸುಣ್ಣದಲ್ಲಿ ಅದ್ದಿದ ಬೇರೆ ಕಾಗದ ಬೇಕು, ಮುಂದಿನ ವಾರ ತರುತ್ತೇನೆ ಎಂದರು. ಎಷ್ಟು ಚೆನ್ನಾಗಿ ವಿವರಿಸಿದರೆಂದರೆ, ಮಾರನೆಯ ದಿನ ನಾನು ಅದನ್ನೇ ನಾಲ್ಕನೇ ಕ್ಲಾಸಿಗೆ ಪಾಠ ಮಾಡಿದೆ. ಆ ಮುಂದಿನ ವಾರ ಇನ್ನೂ ಬಂದಿಲ್ಲ.

ಯಂತ್ರವನ್ನು ಕೊಂಡಮ್ಮನವರ ಮನೆಯ ತಾರಸಿಯ ಮೇಲೆ ಇಟ್ಟರು. ಕರೆಂಟೂ ಅವರ ಮನೆಯದೇ. ಆಳೆತ್ತರದ ತಗಡಿನ ಪೆಟ್ಟಿಗೆ, ಮೇಲೆ ಇಳಿಜಾರಿನ ಮುಚ್ಚಳ, ನೋಡಲು ಹೊಲದ ಬದುವಿನ ಚಿಕ್ಕ ಗುಡಿಯಂತಿತ್ತು. ಹಿಟ್ಟಿನ ಗಿರಣಿಯಂತೆ ಗೊರ್ ಎನ್ನುತ್ತ ಸುತ್ತಲಿನ ಗಾಳಿ ಎಳೆದುಕೊಂಡು ಒಳಗಿನ ಬಿಳೀ ಕಾಗದದ ಮೇಲೆ ಧೂಳು ಬೀಳಿಸುತ್ತಿತ್ತು. ಕಾಗದ ಬದಲಿಸಲು ಗಂಗುಲಪ್ಪ ಎಂಬ ಸಹಾಯಕನನ್ನು ಬಿಟ್ಟು ಸಾಹೇಬರು ಹೊರಟರು. ಆಮೇಲೆ ಅವರ ಜೀಪು ನಮ್ಮೂರಿಗೆ ಬರುತ್ತಿತ್ತು, ನಿಜ. ಆದರೆ ಕಾರ್ಖಾನೆಯ ಗೇಟಿನೊಳಗೆ ಹೋಗಿ, ಗೆಸ್ಟ್ ಹೌಸಿನ ಮುಂದೆ ನಿಂತು, ಊಟದ ಹೊತ್ತು ಕಳೆದ ಮೇಲೆ ಹೊರಗೆ ಬರುತ್ತಿತ್ತು. ಬಸ್ಸಾರು ಅವರಿಗೆ ಒಂದೇ ದಿನಕ್ಕೆ ಸಾಕಾಯಿತು.

ಕೊಂಡಮ್ಮನವರಿಗೆ ಇದೊಂದೂ ಕಾಣಲಿಲ್ಲ. ಅವರಿಗೆ ಯಂತ್ರ ಬಂದದ್ದೇ ದೊಡ್ಡದು. ಬೆಳಿಗ್ಗೆ ಎದ್ದು ತಾರಸಿ ಹತ್ತಿ ಅದರ ಸುತ್ತ ಗುಡಿಸುವರು. ಅದರ ಸದ್ದಿಗೆ ನನಗೆ ನಿದ್ದೆ ಬರುತ್ತಿಲ್ಲ ಎಂದರೆ, ನಮ್ಮ ಪರವಾಗಿ ಅದು ಹಗಲೂ ರಾತ್ರಿ ದುಡಿಯುತ್ತಿದೆ, ಇನ್ನೊಂದೆರಡು ದಿನ ಸಹಿಸಿಕೋ ಟೀಚರಮ್ಮ ಎಂದು ಸಮಾಧಾನ ಹೇಳುವರು.

ಹಾಗಿರುವಾಗ ಆಯುಧಪೂಜೆ ಬಂತು. ಕಾರ್ಖಾನೆಗೆ ರಜೆ. ಗೂಡಿನ ಬೆಂಕಿ ಆರಿಸಿ, ಯಂತ್ರಗಳನ್ನೆಲ್ಲ ತೊಳೆದು, ಕುಂಬಳಕಾಯಿ ಒಡೆದು, ಕಡ್ಲೆಪುರಿ ಹಂಚಿ ಎಲ್ಲರೂ ಊರಿಗೆ ಹೋಗಿದ್ದರು. ಚಿಮಣಿಯಲ್ಲಿ ಹೊಗೆ ಇಲ್ಲದ್ದನ್ನು ಆ ವರ್ಷ ನಾನು ನೋಡಿದ್ದು ಅದೊಂದೇ ದಿನ. ನಮ್ಮ ಮನೆಯಲ್ಲೂ ಹುಳ ಇರಲಿಲ್ಲ, ಬೆಳೆ ಸತ್ತು ತಟ್ಟೆಗಳು ಖಾಲಿ ಬಿದ್ದಿದ್ದವು. ಕೊಂಡಮ್ಮನವರು ಕುಡುಗೋಲು, ಸೊಪ್ಪು ಕತ್ತರಿಸುವ ಕತ್ತಿ, ನೀರಿನ ಮೋಟರು, ನನ್ನ ಸೈಕಲ್ಲು ಎಲ್ಲಕ್ಕೂ ಕುಂಕುಮ ಇಟ್ಟರು. ಆಮೇಲೆ ತಾರಸಿಯ ಕಡೆ ನೋಡಿದರು. ಎಲ್ಲ ಆಯುಧಕ್ಕೂ ಪೂಜೆ ಮಾಡಿ, ನಮ್ಮನ್ನು ಕಾಯಲು ಬಂದಿರುವ ಆಯುಧವನ್ನೇ ಬಿಟ್ಟರೆ ಹೇಗೆ?

ಯಂತ್ರವನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ನಾಲ್ಕು ಮೂಲೆಗೂ ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದರು. ಗಂಗುಲಪ್ಪ ಬಾಳೆದಿಂಡು ಕಟ್ಟಿಕೊಟ್ಟ. ತಿಂಗಳುಗಟ್ಟಲೆ ಮನೆಯಲ್ಲಿ ಒಂದು ಊದುಬತ್ತಿಯನ್ನೂ ಹಚ್ಚದ ಹೆಂಗಸು ಅವತ್ತು ಕೆಂಡದ ಮೇಲೆ ಬೊಗಸೆಗಟ್ಟಲೆ ಸಾಂಬ್ರಾಣಿ ಸುರಿದು ಯಂತ್ರದ ಮುಂದೆ ಹಿಡಿದರು. ಪಕ್ಕದಲ್ಲಿ ತಟ್ಟೆ ತುಂಬ ಕರ್ಪೂರ. ಯಂತ್ರ ಗೊರ್ ಎನ್ನುತ್ತಲೇ ಇತ್ತು. ಆ ಹೊಗೆಯನ್ನೆಲ್ಲ ಮುಚ್ಚಳದ ಕೆಳಗಿನಿಂದ ಒಂದೆಳೆಯೂ ಬಿಡದಂತೆ ಒಳಗೆ ಎಳೆದುಕೊಂಡಿತು.

"ನೋಡು ಟೀಚರಮ್ಮ, ಹೆಂಗೆ ತಗೊಂತಾ ಐತೆ. ಸ್ವಾಮಿ ಒಪ್ಕೊಂಡ" ಎಂದರು ಕೊಂಡಮ್ಮನವರು.

ಹೊತ್ತು ಮುಳುಗುವವರೆಗೂ ಬೀದಿಯ ಹೆಂಗಸರೆಲ್ಲ ಸರದಿಯಲ್ಲಿ ಬಂದು ಸಾಂಬ್ರಾಣಿ ಹಾಕಿ ಹೋದರು. ನಾನೂ ಕೈ ಮುಗಿದು ಕಡ್ಲೆಪುರಿ ತಿಂದೆ. ಮಾರನೆಯ ಬೆಳಿಗ್ಗೆ ಗಂಗುಲಪ್ಪ ತೆಗೆದ ಕಾಗದ ರೊಟ್ಟಿ ಹಂಚಿನ ತಳದಷ್ಟು ಕಪ್ಪಗಿತ್ತು, ಒಂದು ಮೂಲೆಯಲ್ಲಿ ಕುಂಕುಮವೂ ಬಿದ್ದಿತ್ತು. ಅವನಿಗೆ ಸ್ವಲ್ಪ ದಿಗಿಲಾಯಿತು. ಸಾಹೇಬರಿಗೆ ನಡೆದದ್ದೆಲ್ಲ ಹೇಳು, ಅವರು ಆ ಕಾಗದ ಬಿಸಾಕಿ ಇನ್ನೊಂದು ದಿನದ್ದು ತಗೊಳ್ಳುತ್ತಾರೆ ಎಂದು ನಾನೇ ಧೈರ್ಯ ಹೇಳಿ ಕಳಿಸಿದೆ. ಅವನು ಹೇಳಿದ. ಒಂದು ಮಾತೂ ಬಿಡದೆ ಹೇಳಿದ್ದೇನೆ ಎಂದು ಆಮೇಲೆ ನನ್ನ ಮುಂದೆ ದೇವರ ಮೇಲೆ ಆಣೆ ಇಟ್ಟ.

ವರದಿ ಓದಿದ್ದು ಎಲ್ಲಿ ಅಂತೀರಿ? ಅದೇ ಕಾರ್ಖಾನೆಯ ಕ್ಯಾಂಟೀನಿನಲ್ಲಿ. ಮೇಜಿಗೆ ಬಿಳೀ ಬಟ್ಟೆ, ಮೈಕು, ಸಾಹೇಬರಿಗೆ ಮೈಸೂರು ಪೇಟ, ಗಂಧದ ಹಾರ. ಊರಿನವರಿಗೆ ಹಿಂದಿನ ಬೆಂಚು. ಸಾಹೇಬರು ಮೊದಲು ಇಂಗ್ಲಿಷಿನಲ್ಲಿ ಓದಿ, ಆಮೇಲೆ ನಮ್ಮ ಮೇಲೆ ದಯೆ ತೋರಿ ಕನ್ನಡದಲ್ಲಿ ಹೇಳಿದರು. ಕಾರ್ಖಾನೆ ನಡೆಯುತ್ತಿದ್ದ ದಿನಗಳಲ್ಲಿ ಗಾಳಿಯ ಧೂಳು ಮಿತಿಯ ಒಳಗೇ ಇದೆ. ಇಡೀ ಅಧ್ಯಯನದಲ್ಲಿ ಅತಿ ಹೆಚ್ಚು ಧೂಳು ಮತ್ತು ಹೊಗೆ ಕಂಡದ್ದು ಒಂದೇ ದಿನ, ಮತ್ತು ಆ ದಿನ ಕಾರ್ಖಾನೆ ಮುಚ್ಚಿತ್ತು. ಆದ್ದರಿಂದ ಈ ಊರಿನ ಗಾಳಿ ಕೆಡಿಸುತ್ತಿರುವುದು ಕಾರ್ಖಾನೆಯಲ್ಲ, ಊರಿನವರ ಸೌದೆ ಒಲೆ. ಕಾರ್ಖಾನೆಯವರು ದೊಡ್ಡ ಮನಸ್ಸು ಮಾಡಿ ಮನೆಮನೆಗೂ ಹೊಗೆ ಬಾರದ ಒಲೆ ಕೊಡಲು ಒಪ್ಪಿದ್ದಾರೆ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನವರು ತಟ್ಟಿದರು, ಹಿಂದಿನವರು ಅವರನ್ನು ನೋಡಿ ತಟ್ಟಿದರು.

ನಾನು ಎದ್ದು ನಿಂತು, ಆ ದಿನ ಆಯುಧಪೂಜೆ, ಯಂತ್ರಕ್ಕೆ ಸಾಂಬ್ರಾಣಿ ಹಾಕಿದ್ದರು, ಕಾಗದದ ಮೇಲೆ ಕುಂಕುಮ ಇದ್ದದ್ದು ನಿಮಗೆ ಕಾಣಲಿಲ್ಲವೇ ಎಂದು ಕೇಳಿದೆ. ಅಳತೆ ಎಂದರೆ ಅಳತೆ, ಬೇಕಾದ್ದು ಇಟ್ಟುಕೊಂಡು ಬೇಡದ್ದು ಬಿಸಾಡುವುದು ವಿಜ್ಞಾನವಲ್ಲ ಎಂದರು. ಫ್ಲೋರಿನ್ ಎಲ್ಲಿ, ಸುಣ್ಣದ ಕಾಗದ ಎಲ್ಲಿ ಎಂದು ಕೇಳಿದೆ. ಅದು ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ ಎಂದು ಮೈಕಿನಲ್ಲಿ ಹೇಳಿ, ಮೈಕು ಮುಚ್ಚಿ ಪಕ್ಕದವರಿಗೆ ಏನೋ ಹೇಳಿ ನಕ್ಕರು. ಅಷ್ಟು ಓದಿ, ಅಷ್ಟು ದೇಶ ಸುತ್ತಿ, ಆ ಮನುಷ್ಯ ಕಲಿತದ್ದು ಮೈಕು ಮುಚ್ಚುವುದನ್ನು.

ಕೊಂಡಮ್ಮನವರು ನನ್ನ ಸೆರಗು ಎಳೆದು ಕೂಡಿಸಿದರು. ತಾವೇ ಎದ್ದು ನಿಂತು ಒಂದೇ ಒಂದು ಮಾತು ಕೇಳಿದರು.

"ಹಂಗಾದ್ರೆ ನನ್ನ ತೋಟದ ಸೊಪ್ಪು ಚೆನ್ನಾಗೈತಾ ಸ್ವಾಮಿ?"

"ಸೊಪ್ಪಿಗೆ ಏನೂ ಆಗಿಲ್ಲಮ್ಮ. ಧೈರ್ಯವಾಗಿ ಹುಳಕ್ಕೆ ಹಾಕಿ" ಎಂದರು ಡಾಕ್ಟರ್ ವೆಂಕಟರವಣಪ್ಪನವರು.

ಮನೆಗೆ ಬಂದ ಮೇಲೆ ಕೊಂಡಮ್ಮನವರು ಅಡುಗೆ ಮಾಡಲಿಲ್ಲ. ಜಗಲಿಯ ಮೇಲೆ ಕೂತು, ನಾನೇ ಕೆಡಿಸಿದೆನಾ ಟೀಚರಮ್ಮ, ನನ್ನ ಸಾಂಬ್ರಾಣಿಯಿಂದಲೇ ಹಿಂಗಾಯ್ತಾ ಎಂದು ಕೇಳಿದರು. ಇಲ್ಲ ಎಂದೆ. ಆದರೆ ಅದು ಪೂರ್ತಿ ಸುಳ್ಳು ಎಂದು ಹೇಗೆ ಹೇಳಲಿ? ನೆಪ ಬೇಕಾದವನ ಕೈಗೆ ನಾವೇ ಹೂವಿನ ಹಾರ ಹಾಕಿ ನೆಪ ಕೊಟ್ಟಿದ್ದೆವು. ಆ ಹೆಂಗಸು ಕೈ ಮುಗಿದದ್ದನ್ನೇ ಹಿಡಿದು ಅವರ ಕತ್ತು ಕೊಯ್ದನಲ್ಲ ಎಂದು ನನಗೆ ಅವತ್ತು ಅಳುವೇ ಬಂತು.

ಸಾಹೇಬರ ಮಾತು ನಂಬಿ ಕೊಂಡಮ್ಮನವರು ಇನ್ನೊಂದು ಬೆಳೆ ಇಟ್ಟರು. ಹೊಗೆ ಬಾರದ ಒಲೆಯಲ್ಲೇ ಅಡುಗೆ ಮಾಡಿದರು. ಊರಿಗೆ ಊರೇ ಮಾಡಿತು. ಹುಳ ಮೂರನೇ ಜ್ವರದಲ್ಲೇ ಕಪ್ಪು ಕಲೆ ಬಿದ್ದು ಸತ್ತವು. ಸತ್ತ ಹುಳವನ್ನು ಗುಂಡಿ ತೋಡಿ ಮುಚ್ಚಿ ಬಂದು ಕೈ ತೊಳೆದುಕೊಳ್ಳುತ್ತ, ದಿಬ್ಬೂರಹಳ್ಳಿಗೆ ಹೋಗುವ ಬಸ್ಸು ಯಾವುದು ಎಂದು ಕೇಳಿದರು. ಸಾಹೇಬರ ತಾಯಿಯನ್ನು ಒಂದು ಸಲ ನೋಡಬೇಕಂತೆ. ಯಾಕೆ ಎಂದರೆ ಹೇಳಲಿಲ್ಲ. ತಾಯಿಯ ಮನೆಯಲ್ಲಿ ಹುಳ ಕೊನೇ ಜ್ವರದಿಂದ ಎದ್ದಿದೆ, ಸಾಹೇಬರು ಈ ಭಾನುವಾರ ಊರಿನಲ್ಲಿರುತ್ತಾರೆ ಎಂದು ಗಂಗುಲಪ್ಪನಿಂದ ತಿಳಿಯಿತು.

ಭಾನುವಾರ ಬೆಳಕು ಹರಿಯುವ ಮುಂಚೆ ಕೊಂಡಮ್ಮನವರು ತೋಟದಲ್ಲಿ ಸೊಪ್ಪು ಬಿಡಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ದೊಡ್ಡ ಮೂಟೆ ಕಟ್ಟಿದರು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ, ಶಿಡ್ಲಘಟ್ಟದಲ್ಲಿ ಮತ್ತೆ ಬದಲಿಸಿ, ಇಬ್ಬರು ಕಂಡಕ್ಟರುಗಳ ಕೈಲಿ ಬೈಸಿಕೊಂಡು ದಿಬ್ಬೂರಹಳ್ಳಿ ಸೇರಿದೆವು. ದಾರಿಯುದ್ದಕ್ಕೂ ಅವರು ಮೂಟೆಗೆ ನೀರು ಚಿಮುಕಿಸುತ್ತಲೇ ಇದ್ದರು. ನನಗೆ ಒಳಗೊಳಗೇ ಭಯ. ಇವರು ಹಟಕ್ಕೆ ಬಿದ್ದು ಆ ಮುದುಕಿಯ ಹುಳ ಕೊಲ್ಲಲು ಹೊರಟಿದ್ದಾರಾ ಎಂದು ಅನುಮಾನ. ಅವರ ಜಾಗದಲ್ಲಿ ನಾನಿದ್ದಿದ್ದರೆ ಕೊಂದೇ ಬಿಡುತ್ತಿದ್ದೆ.

ಸಾಹೇಬರ ತಾಯಿ ಮಂಗಮ್ಮನವರು ಜಗಲಿಯ ಮೇಲಿದ್ದರು. ಕೈಯಲ್ಲಿ ಖಾಲಿ ಸೊಪ್ಪಿನ ಬುಟ್ಟಿ. ಮುಖ ನೋಡಿದರೇ ಗೊತ್ತಾಗುತ್ತಿತ್ತು, ಸೊಪ್ಪು ಸಾಲದೆ ಕಂಗಾಲಾಗಿದ್ದಾರೆ ಎಂದು. ಕೊನೇ ಹಂತದ ಹುಳದ ಹಸಿವು ಅಂಥದು, ಎಷ್ಟು ಹಾಕಿದರೂ ಸಾಕೆನ್ನುವುದಿಲ್ಲ. ನಮ್ಮನ್ನು ಕೂರಿಸಿ, ನೀರು ಕೊಟ್ಟು, ಎಲ್ಲಿಯವರು ಎಂದು ವಿಚಾರಿಸಿದರು. ಕುಡುಮಲಕುಂಟೆ ಕಡೆಯವರು, ನಿಮ್ಮ ಮಗ ಬಂದು ಪರೀಕ್ಷೆ ಮಾಡಿ ಚೆನ್ನಾಗಿದೆ ಎಂದು ಹೇಳಿದ ತೋಟ, ಆ ಸೊಪ್ಪನ್ನೇ ತಂದಿದ್ದೇವೆ, ಕಾಸು ಬೇಡ ಎಂದರು ಕೊಂಡಮ್ಮನವರು. ಮಂಗಮ್ಮನವರು ಗೋಣಿ ಬಿಚ್ಚಿ ಸೊಪ್ಪು ಮುಟ್ಟಿ ನೋಡಿದರು. ದೇವರು ಬಂದ ಹಾಗೆ ಬಂದಿರಿ ಎಂದು ತೆಲುಗಿನಲ್ಲಿ ಏನೇನೋ ಹರಸುತ್ತ ಮೂಟೆಯ ಒಂದು ಕಿವಿ ಹಿಡಿದು ಎತ್ತಿದರು. ಇನ್ನೊಂದು ಕಿವಿ ಕೊಂಡಮ್ಮನವರು ಹಿಡಿದಿದ್ದರು. ಹಿಡಿದದ್ದನ್ನು ಬಿಡಲಿಲ್ಲ, ಮುಂದಕ್ಕೂ ಹೆಜ್ಜೆ ಇಡಲಿಲ್ಲ.

ಆಗ ಸಾಹೇಬರು ಪಂಚೆ ಉಟ್ಟು, ಪೇಪರು ಹಿಡಿದು ಒಳಗಿನಿಂದ ಬಂದರು. ನಮ್ಮನ್ನು ನೋಡಿದರು. ಮೂಟೆ ನೋಡಿದರು.

"ಅಮ್ಮ, ಅದನ್ನ ಕೆಳಗಿಡು. ನಾನು ಚಿಂತಾಮಣಿಯಿಂದ ಬೇರೆ ಸೊಪ್ಪು ತರಿಸ್ತೀನಿ."

ಇಷ್ಟೊಳ್ಳೆ ಸೊಪ್ಪು ಮನೆ ಬಾಗಿಲಿಗೆ ಬಂದಿರುವಾಗ ಚಿಂತಾಮಣಿಯದು ಯಾಕೆ ಎಂದು ಮಂಗಮ್ಮನವರು ಕೇಳಿದರು. ನೀನೇ ನೋಡಿ ಚೆನ್ನಾಗಿದೆ ಅಂದ ತೋಟವಂತಲ್ಲ ಎಂದರು. ಸಾಹೇಬರು ಪೇಪರು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಮುದುಕಿ ಮೂಟೆಯನ್ನು ಒಳಕ್ಕೆ ಎಳೆಯತೊಡಗಿದಾಗ ಸಾಹೇಬರು ಬಾಯಿ ಬಿಡಲೇಬೇಕಾಯಿತು.

"ಅದು ಹಾಕಿದ್ರೆ ಹುಳ ಸಾಯ್ತವಮ್ಮ."

"ಮತ್ತೆ ಅವತ್ತು ಚೆನ್ನಾಗೈತೆ ಅಂತ ಹೇಳಿದ್ದು?" ಎಂದರು ಮಂಗಮ್ಮನವರು.

"ಅದು ರಿಪೋರ್ಟು. ರಿಪೋರ್ಟು ಬೇರೆ, ಮನೆ ಹುಳ ಬೇರೆ."

ಕೊಂಡಮ್ಮನವರು ಮೂಟೆ ಕೈಬಿಟ್ಟರು. ಅದು ಜಗಲಿಯ ಮೆಟ್ಟಿಲ ಮೇಲೆ ಉರುಳಿತು. ನಾನು ಸಾಹೇಬರಿಗೆ ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತು ಬೇಕಾದಷ್ಟಿತ್ತು. ಆದರೆ ಕೊಂಡಮ್ಮನವರು ಸೆರಗಿನಿಂದ ಮುಖ ಒರೆಸಿಕೊಂಡು, ನೀರು ಕೇಳುವ ದನಿಯಲ್ಲಿ ಕೇಳಿದರು.

"ಈಗ ಅಂದ್ಯಲ್ಲ, ಇದನ್ನೇ ಅಲ್ಲಿ ಬರ್ಕೊಡಪ್ಪ. ಇನ್ನೇನೂ ಬೇಡ."

ಸಾಹೇಬರು ಅದನ್ನು ಬರೆದುಕೊಡಲೇ ಇಲ್ಲ. ಚಿಮಣಿಗೆ ಯಾವ ಯಂತ್ರವೂ ಬರಲಿಲ್ಲ, ಆ ತೋಟ ಈಗ ಇಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಕೊಂಡಮ್ಮನವರನ್ನು ಕೇಳಿದೆ, ಸಾಹೇಬರು ಬಾಯಿ ಬಿಡದೇ ಹೋಗಿದ್ದರೆ ಏನು ಮಾಡುತ್ತಿದ್ದಿರಿ ಎಂದು. ನಾನೇ ಬೇಡ ಅಂತಿದ್ದೆ ಕಣಮ್ಮ, ಹುಳ ಏನು ಮಾಡಿತ್ತು ಎಂದರು.

ಆದರೆ ನಾನು ಹೇಳಬೇಕೆಂದಿರುವುದು ಅದಕ್ಕೆ ಮುಂಚಿನದು. ಮಂಗಮ್ಮನವರು ಮೆಟ್ಟಿಲ ಮೇಲೆ ಬಿದ್ದಿದ್ದ ಮೂಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕೊಂಡಮ್ಮನವರ ತೋಳು ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದರು. ತಾವೇ ತಂಬಿಗೆಯಿಂದ ಅವರ ಕಾಲಿಗೆ ನೀರು ಹಾಕಿದರು, ನನಗೂ ಹಾಕಿದರು. ಬನ್ನಿ, ನಮ್ಮ ಹುಳ ನೋಡಿ ಹೋಗುವಿರಂತೆ ಎಂದರು. ಪರವೂರಿನವರನ್ನು ಯಾರೂ ಹುಳದ ಮನೆಗೆ ಬಿಟ್ಟುಕೊಳ್ಳುವುದಿಲ್ಲ, ಅದರಲ್ಲೂ ಕೊನೇ ಜ್ವರ ಎದ್ದ ಹುಳ ಇರುವಾಗ. ಕೊಂಡಮ್ಮನವರು ಹೊಸಿಲ ಮುಂದೆ ತಡೆದು ನಿಂತರು. ಮಂಗಮ್ಮನವರು ಕೈ ಹಿಡಿದು ಒಳಗೆ ಕರೆದುಕೊಂಡರು.

ಸಾಹೇಬರೂ ಕಾಲು ತೊಳೆದುಕೊಂಡು ಹಿಂದೆಯೇ ಬಂದರು. ತಾಯಿಗೆ ಸಮಾಧಾನ ಹೇಳುವುದಿತ್ತೋ ಏನೋ. ಮಂಗಮ್ಮನವರು ತಿರುಗಿ ನಿಂತು ಬಾಗಿಲಿಗೆ ಕೈ ಅಡ್ಡ ಹಿಡಿದರು.

"ನೀನು ಬರಬೇಡಪ್ಪ. ಹುಳಕ್ಕೆ ಆಗಲ್ಲ."

ಬೆಳಿಗ್ಗೆಯಿಂದ ಸಿಗರೇಟು ಮುಟ್ಟಿಲ್ಲ, ಕಾಲೂ ತೊಳೆದಿದ್ದೇನೆ ಎಂದು ಮಗ ಹೇಳಿದ. ತಾಯಿ ಬಾಗಿಲು ಮುಂದೆ ಮಾಡಿ ಅಗುಳಿ ಹಾಕಿಕೊಂಡರು.